ಗಿಟಾರಿನಲ್ಲಿ ದನಿ ಕುಂದಿದ ತಂತಿ

ಅಕೂಸ್ಟಿಕ್ ಗಿಟಾರಿನ ಆರು ತಂತಿಗಳ ಪೈಕಿ ಯಾವುದೋ ಒಂದು ಮಾತ್ರ ಮಂಕಾಗಿ ನುಡಿಯುವ ದೋಷ. ಶ್ರುತಿ ಸರಿಯಾಗಿಯೇ ಇರುತ್ತದೆ, ಟ್ಯೂನರಿನ ಮುಳ್ಳು ನಟ್ಟನಡುವೆ ನಿಂತಿರುತ್ತದೆ, ಆದರೆ ಮೀಟಿದ ಮರುಕ್ಷಣಕ್ಕೆ ನಾದ ಅಡಗಿಬಿಡುತ್ತದೆ. ನುಡಿಸುವವರು ಇದನ್ನು ‘ದನಿ ಕೂತಿದೆ’, ‘ತಂತಿ ಡಲ್ ಹೊಡೀತಿದೆ’, ‘ದನಿ ಸತ್ತಿದೆ’ ಎಂದೆಲ್ಲ ಹೇಳುತ್ತಾರೆ. ಆರೂ ತಂತಿಗಳು ಒಟ್ಟಿಗೆ ಮಂಕಾದರೆ ಕಾರಣ ಬಹುಮಟ್ಟಿಗೆ ಹಳೆಯ ತಂತಿ ಅಥವಾ ಗಾಳಿಯ ತೇವ. ಒಂದೇ ತಂತಿ ಮಂಕಾದಾಗ ಮಾತ್ರ ಹುಡುಕಬೇಕಾದ ದಾರಿ ಬೇರೆ. ಅಂಥ ಹೊತ್ತಿನಲ್ಲಿ ತಂತಿಯ ಎರಡು ತುದಿಗಳು ಎಲ್ಲಿ, ಹೇಗೆ ಕೂತಿವೆ ಎಂಬುದನ್ನು ನೋಡದೆ ವಾದ್ಯವನ್ನೇ ದೂರುವುದು ಸರಿಯಲ್ಲ. ಎಷ್ಟೋ ಒಳ್ಳೆಯ ಗಿಟಾರುಗಳು ಇಂಥ ಸಣ್ಣ ದೋಷಕ್ಕೆ ಅಟ್ಟ ಸೇರಿವೆ.

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ, ಅದರ ಸುತ್ತಲಿನ ಕೊರಟಗೆರೆ, ಶಿರಾ, ಪಾವಗಡದ ಸೀಮೆಯಲ್ಲಿ ತಂತಿಯ ನಾದ ಹೊಸದೇನಲ್ಲ. ತತ್ತ್ವಪದ ಹಾಡುವವರ ಏಕತಾರಿ, ಭಜನೆ ಮಂಡಳಿಗಳ ತಂಬೂರಿ ಇಲ್ಲಿ ಗಿಟಾರಿಗಿಂತ ಬಹು ಹಿಂದಿನವು. ಗಿಟಾರು ಬಂದದ್ದು ಸಿನಿಮಾ ಹಾಡಿನ ಬೆನ್ನು ಹಿಡಿದು, ಗಣೇಶನ ಹಬ್ಬಕ್ಕೂ ಜಾತ್ರೆಗೂ ನಡೆಯುವ ರಸಮಂಜರಿ ಕಾರ್ಯಕ್ರಮಗಳ ಮೂಲಕ. ಈಗ ಕಾಲೇಜು ಹುಡುಗರ ಕೈಯಲ್ಲೂ ಅದು ಇದೆ. ಆದರೆ ರಿಪೇರಿ ಬಲ್ಲವರು ಸಿಗಬೇಕಾದರೆ ತುಮಕೂರಿಗೋ ಬೆಂಗಳೂರಿನ ಬಳೇಪೇಟೆಗೋ ಹೋಗಬೇಕು. ಆದ್ದರಿಂದ ದೋಷದ ಮೂಲವನ್ನು ಮನೆಯಲ್ಲೇ ಪತ್ತೆ ಹಚ್ಚಲು ಬರುವುದು ಇಲ್ಲಿನ ವಾದಕರಿಗೆ ದೊಡ್ಡ ಅನುಕೂಲ.

ನಾದ ಮಂಕಾಗುವುದೆಂದರೇನು

ಗಿಟಾರಿನ ದಪ್ಪ ತಂತಿ, ಅಂದರೆ ಆರನೆಯದು, ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ. ತೆಳುವಾದ ಮೊದಲನೆಯದು 329.6 ಸಲ. ನಡುವಿನವು 110, 146.8, 196 ಮತ್ತು 246.9. ಆದರೆ ಮೀಟಿದ ತಂತಿ ಈ ಒಂದೇ ಕಂಪನದಲ್ಲಿ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಹೊಮ್ಮುತ್ತವೆ. ನಾದಕ್ಕೆ ಹೊಳಪು ಕೊಡುವುದು ಈ ಮೇಲಿನ ಉಪಸ್ವರಗಳು. ಮೂಲ ಸ್ವರ ಉಳಿದು ಇವು ಬೇಗ ಅಳಿದರೆ ಕಿವಿಗೆ ಮಂಕು ಕೇಳುತ್ತದೆ. ತಂತಿಯ ಮೇಲಿನ ಕೊಳೆ, ಒಳಗಿನ ಸವಕಳಿ, ತುದಿಯಲ್ಲಿನ ಸಡಿಲ ಹಿಡಿತ, ಎಲ್ಲವೂ ಮೊದಲು ತಿನ್ನುವುದು ಮೇಲಿನ ಉಪಸ್ವರಗಳನ್ನೇ.

ಫ್ರಾನ್ಸಿನ ಮರೇನ್ ಮೆರ್ಸೆನ್ 1636ರಲ್ಲಿ ತಂತಿಯ ಉದ್ದ, ಬಿಗುವು, ತೂಕಗಳಿಗೂ ಸ್ವರದ ಎತ್ತರಕ್ಕೂ ಇರುವ ಸಂಬಂಧವನ್ನು ಬರೆದಿಟ್ಟ. ಈ ನಿಯಮ ತಂತಿ ಯಾವ ಸ್ವರ ನುಡಿಯುತ್ತದೆಂದು ಹೇಳುತ್ತದೆ; ಆ ಸ್ವರದ ಬಣ್ಣವನ್ನು ಹೇಳುವುದಿಲ್ಲ. ಶ್ರುತಿ ಕೂಡಿದ ತಂತಿಯೂ ಮಂಕಾಗಿರಬಹುದು ಎಂಬುದಕ್ಕೆ ಕಾರಣ ಇಲ್ಲಿದೆ.

ಪತ್ತೆ

ಮಂಕಾದ ತಂತಿಯನ್ನು ಮೊದಲು ಬಿಟ್ಟ ತಂತಿಯಾಗಿ ಮೀಟಬೇಕು. ಆಮೇಲೆ ಮೊದಲ ಫ್ರೆಟ್ಟಿನಲ್ಲಿ, ಮೂರನೆಯದರಲ್ಲಿ, ಐದನೆಯದರಲ್ಲಿ ಒತ್ತಿ ಮೀಟಬೇಕು. ಬಿಟ್ಟಾಗ ಮಾತ್ರ ಮಂಕು, ಒತ್ತಿದರೆ ಸ್ವಚ್ಛ ಎಂದಾದರೆ ದೋಷ ತಲೆಯ ಕಡೆಯ ನಟ್‌ನಲ್ಲಿದೆ. ಎಲ್ಲಿ ಒತ್ತಿದರೂ ಮಂಕೇ ಆದರೆ ದೋಷ ತಂತಿಯಲ್ಲಿ ಅಥವಾ ಬ್ರಿಡ್ಜಿನ ಕಡೆ. ಒಂದೆರಡು ಫ್ರೆಟ್ಟಿನ ಮನೆಗಳಲ್ಲಿ ಮಾತ್ರ ಮಂಕಾದರೆ ಫ್ರೆಟ್ಟನ್ನೋ ಮರದ ಸ್ವಭಾವವನ್ನೋ ನೋಡಬೇಕು. ಈ ಪರೀಕ್ಷೆಗೆ ಉಪಕರಣ ಬೇಡ, ಹಣ ಬೇಡ, ಎರಡು ನಿಮಿಷ ಸಾಕು. ಆದರೂ ಇದನ್ನು ಮಾಡದೆಯೇ ಹೊಸ ಸೆಟ್ ತಂದು ಹಾಕಿ, ಅದೂ ಮಂಕಾದಾಗ ಕಂಗಾಲಾಗುವವರು ಬಹಳ.

ತಂತಿಯದೇ ದೋಷ

ತೆಳುವಾದ ಮೊದಲ ಎರಡು ತಂತಿಗಳು ಬರಿಯ ಉಕ್ಕು. ಉಳಿದ ನಾಲ್ಕು ಉಕ್ಕಿನ ಎಳೆಯ ಮೇಲೆ ಕಂಚಿನ ತೆಳು ತಂತಿ ಸುತ್ತಿದವು. ಈ ಸುತ್ತು 80 ಪಾಲು ತಾಮ್ರ, 20 ಪಾಲು ಸತು ಬೆರೆತದ್ದಾಗಿರಬಹುದು, ಇಲ್ಲವೇ 1970ರ ದಶಕದಿಂದ ಬಳಕೆಗೆ ಬಂದ ಫಾಸ್ಫರ್ ಬ್ರಾಂಜ್ ಆಗಿರಬಹುದು. ಬೆವರಿನ ಉಪ್ಪು, ಚರ್ಮದ ಜಿಡ್ಡು, ಧೂಳು ಸುತ್ತುಗಳ ಸಂದಿಯಲ್ಲಿ ಕೂತಾಗ ತಂತಿಯ ತೂಕ ಉದ್ದಕ್ಕೂ ಸಮನಾಗಿರುವುದಿಲ್ಲ. ಸುತ್ತುಗಳು ಒಂದರ ಮೇಲೊಂದು ಸಲೀಸಾಗಿ ಆಡುವುದೂ ಇಲ್ಲ. ನಾಲ್ಕನೆಯ ಮತ್ತು ಮೂರನೆಯ ತಂತಿ ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಅವುಗಳ ಒಳ ಎಳೆ ತೆಳು, ಬೆರಳಿನ ಓಡಾಟ ಹೆಚ್ಚು. ಉಗುರಿನಿಂದ ತಂತಿಯ ಅಡಿಭಾಗವನ್ನು ಸವರಿದರೆ ಫ್ರೆಟ್ಟು ಕಚ್ಚಿದ ಕಡೆ ತಗ್ಗು ಸಿಗುತ್ತದೆ. ತಗ್ಗು ಸ್ಪಷ್ಟವಾಗಿದ್ದರೆ ಆ ತಂತಿಯ ಆಯಸ್ಸು ಮುಗಿದಂತೆ.

ಕೊಳೆ ಹಿಡಿದ ತಂತಿಯನ್ನು ಬಿಚ್ಚಿ ನೀರಿನಲ್ಲಿ ಕುದಿಸುವ ಉಪಾಯ ಹಳೆಯದು. ಜಿಡ್ಡು ಬಿಟ್ಟು ಹೊಳಪು ಮರಳುತ್ತದೆ, ಆದರೆ ಕೆಲವು ದಿನಗಳ ಮಟ್ಟಿಗೆ. ಸವೆದ ಲೋಹವನ್ನು ಕುದಿಸಿ ಹೊಸದು ಮಾಡಲಾಗದು. ಪಾವಗಡ, ಮಧುಗಿರಿ ಕಡೆಯವರು ಇನ್ನೊಂದು ವಿಷಯ ಗಮನಿಸಬೇಕು: ಇಲ್ಲಿನ ಬೋರ್ ನೀರು ಗಡಸು. ಪಾತ್ರೆಯ ತಳಕ್ಕೆ ಹಿಡಿಯುವ ಬಿಳಿ ಪರೆಯೇ ತಂತಿಯ ಸಂದಿಗೂ ಹಿಡಿಯುತ್ತದೆ. ಕುದಿಸಲೇಬೇಕೆಂದರೆ ಮಳೆನೀರು ಅಥವಾ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಆಗುತ್ತದೆ. ಕುದಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ತುಕ್ಕು ಬಾರದಿರಲೆಂದು ತಂತಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಂತೂ ಬೇಡವೇ ಬೇಡ. ಎಣ್ಣೆ ಸುತ್ತುಗಳ ನಡುವೆ ಇಳಿದು ಧೂಳನ್ನು ಹಿಡಿದಿಟ್ಟುಕೊಂಡು ತಂತಿಯನ್ನು ಬೇಗ ಮಂಕು ಮಾಡುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯ ಅಡಿಯನ್ನೂ ಒರೆಸುವುದೇ ಉತ್ತಮ ಆರೈಕೆ.

ಹೊಚ್ಚ ಹೊಸ ತಂತಿಯೂ ಮಂಕಾಗಿರುವುದುಂಟು. ಸುತ್ತಿದ ತಂತಿಯನ್ನು ಶ್ರುತಿ ಏರಿಸುವ ಕೀಲಿನ ಬಳಿ ಮಡಿಚದೆ ಮೊದಲೇ ಕತ್ತರಿಸಿದರೆ ಸುತ್ತು ಒಳ ಎಳೆಯಿಂದ ಸಡಿಲವಾಗುತ್ತದೆ. ಆ ಸಡಿಲು ತಂತಿಯ ಉದ್ದಕ್ಕೂ ಹರಿದು ನಾದವನ್ನು ಕೊಲ್ಲುತ್ತದೆ. ಒಳ ಎಳೆ ದುಂಡಗಿರುವ ತಂತಿಗಳಲ್ಲಿ ಈ ಅಪಾಯ ಹೆಚ್ಚು, ಆರು ಮೂಲೆಯ ಎಳೆಯವುಗಳಲ್ಲಿ ಕಡಿಮೆ. ಮೊದಲು ಮಡಿಚಬೇಕು, ಆಮೇಲೆ ಕತ್ತರಿಸಬೇಕು. ಹಾಕುವಾಗ ತಂತಿಗೆ ಹುರಿ ಬಿದ್ದರೂ ಹೀಗೇ ಆಗುತ್ತದೆ. ಸಡಿಲಿಸಿ, ಬ್ರಿಡ್ಜ್ ಪಿನ್ ತೆಗೆದು, ಹುರಿ ಬಿಚ್ಚಿಕೊಳ್ಳಲು ಬಿಟ್ಟು ಮತ್ತೆ ಕೂರಿಸಿದರೆ ಕೆಲವೊಮ್ಮೆ ದನಿ ಮರಳುತ್ತದೆ. ಒಂದೇ ಬಿಡಿ ತಂತಿ ಬದಲಿಸಿದರೆ ಅದು ಉಳಿದ ಐದಕ್ಕಿಂತ ಹೆಚ್ಚು ಹೊಳೆಯುತ್ತದೆ. ಅದು ದೋಷವಲ್ಲ, ಕೆಲವು ದಿನ ನುಡಿಸಿದರೆ ತಾನಾಗಿ ಕೂಡಿಕೊಳ್ಳುತ್ತದೆ.

ಗುಂಡು ಕೂರುವ ಜಾಗ

ತಂತಿಯ ಕೆಳತುದಿಯಲ್ಲಿ ಹಿತ್ತಾಳೆಯ ಸಣ್ಣ ಗುಂಡು ಇರುತ್ತದೆ. ಬ್ರಿಡ್ಜಿನ ರಂಧ್ರದಲ್ಲಿ ಇಳಿದ ಈ ಗುಂಡು ಮೇಲುಹಲಗೆಯ ಅಡಿಗೆ ಅಂಟಿಸಿರುವ ಗಟ್ಟಿ ಮರದ ಪಟ್ಟಿಗೆ ಒತ್ತಿ ನಿಲ್ಲಬೇಕು. ಬಹಳ ಸಲ ಗುಂಡು ಅಲ್ಲಿಗೆ ಬರದೆ ಪಿನ್ನಿನ ತುದಿಗೆ ಸಿಕ್ಕಿ ನೇತಾಡುತ್ತಿರುತ್ತದೆ. ತಂತಿ ಬಿಗಿಯಾದಂತೆ ಪಿನ್ ಮೆಲ್ಲಗೆ ಮೇಲೇಳುತ್ತದೆ. ಅದೇ ಇದರ ಗುರುತು. ಹೀಗಾದ ತಂತಿಯ ಕಂಪನ ಮರಕ್ಕೆ ಸರಿಯಾಗಿ ದಾಟುವುದಿಲ್ಲ.

ಸರಿಪಡಿಸುವ ಬಗೆ ಹೀಗೆ. ತಂತಿಯನ್ನು ಪೂರ್ತಿ ಸಡಿಲಿಸಿ, ಪಿನ್ ತೆಗೆದು, ತಂತಿಯ ತುದಿಯನ್ನು ಗುಂಡಿನ ಸ್ವಲ್ಪ ಮೇಲೆ ಬೆರಳಿನಿಂದ ತುಸು ಬಾಗಿಸಬೇಕು. ಬಾಗು ತಲೆಯ ಕಡೆಗೆ ಇರಲಿ. ತಂತಿಯನ್ನು ರಂಧ್ರಕ್ಕೆ ಇಳಿಸಿ, ಪಿನ್ನಿನ ಗೀರು ತಂತಿಯ ಕಡೆಗೆ ಬರುವಂತೆ ಹಗುರಾಗಿ ಇಟ್ಟು, ಒಂದು ಬೆರಳು ಪಿನ್ನಿನ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ತಂತಿಯನ್ನು ಮೇಲಕ್ಕೆ ಎಳೆಯಬೇಕು. ಗುಂಡು ಪಟ್ಟಿಗೆ ತಾಗಿದಾಗ ಎಳೆತ ಗಟ್ಟಿಯಾಗಿ ನಿಲ್ಲುತ್ತದೆ, ಬೆರಳಿಗೆ ಅದು ಗೊತ್ತಾಗುತ್ತದೆ. ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುವುದು ತಪ್ಪು. ತಂತಿಯನ್ನು ಹಿಡಿದಿರುವುದು ಗುಂಡು, ಪಿನ್ ಕೇವಲ ಅದನ್ನು ಪಕ್ಕಕ್ಕೆ ಒತ್ತಿರುತ್ತದೆ. ಸಣ್ಣ ಕನ್ನಡಿಯನ್ನು ಗಿಟಾರಿನ ಬಾಯಿಯೊಳಗೆ ಹಿಡಿದು ಮೊಬೈಲ್ ಬೆಳಕು ಬಿಟ್ಟರೆ ಆರೂ ಗುಂಡುಗಳು ಕಾಣುತ್ತವೆ. ಪಟ್ಟಿಯೇ ಸವೆದು ರಂಧ್ರ ಅಗಲವಾಗಿದ್ದರೆ ತಂತಿಯ ದಪ್ಪ ಸುತ್ತಿನ ಬುಡ ಬ್ರಿಡ್ಜಿನಲ್ಲಿ ತಂತಿ ಹಾಯುವ ಸ್ಯಾಡಲ್ ಮೇಲೆ ಬಂದು ಕೂರುತ್ತದೆ, ಆಗ ಮಂಕು ತಪ್ಪಿದ್ದಲ್ಲ. ಇದಕ್ಕೆ ಪಟ್ಟಿಯನ್ನು ದುರಸ್ತಿ ಮಾಡಿಸಬೇಕು. ಕೋಲ್ಕತ್ತದಲ್ಲಿ ತಯಾರಾಗುವ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಪಿನ್ ಇಲ್ಲದೆ ಲೋಹದ ಟೇಲ್‌ಪೀಸಿಗೆ ತಂತಿ ಸಿಕ್ಕಿಸಿರುವುದೂ ಉಂಟು. ಅವುಗಳಲ್ಲಿ ಬ್ರಿಡ್ಜ್ ತಂತಿಯ ಒತ್ತಡದಿಂದಲೇ ನಿಂತಿರುತ್ತದೆ, ಆದ್ದರಿಂದ ಅದರ ಅಡಿ ಹಲಗೆಗೆ ಪೂರ್ತಿ ತಾಗಿದೆಯೇ ಎಂಬುದೇ ಮೊದಲ ಪ್ರಶ್ನೆ.

ಸ್ಯಾಡಲ್

ಬ್ರಿಡ್ಜಿನಲ್ಲಿ ಕೊರೆದ ಸೀಳಿನಲ್ಲಿ ನಿಂತಿರುವ ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ತೆಳು ಪಟ್ಟಿ ಇದು. ವೀಣೆಯವರ ಮಾತಿನಲ್ಲಿ ಕುದುರೆ. ತೆಳು ಗೇಜಿನ ಸೆಟ್ಟಿನಲ್ಲೂ ಒಂದೊಂದು ತಂತಿ 10ರಿಂದ 14 ಕಿಲೋಗ್ರಾಂ ಬಿಗುವಿನಲ್ಲಿ ಇದರ ಮೇಲೆ ಹಾಯುತ್ತದೆ, ಆರೂ ಸೇರಿದರೆ 70 ಕಿಲೋ ದಾಟುತ್ತದೆ. ಇಷ್ಟು ಭಾರವಿದ್ದೂ ಸ್ಯಾಡಲಿನ ಅಡಿ ಸಮತಟ್ಟಾಗಿಲ್ಲದಿದ್ದರೆ ಒಂದು ತಂತಿಯ ಕೆಳಗೆ ಕೂದಲೆಳೆಯ ಸಂದು ಉಳಿಯುತ್ತದೆ. ಆ ತಂತಿ ಮಂಕಾಗುತ್ತದೆ. ಗಾಜಿನ ತುಂಡಿನ ಮೇಲೆ ನಯವಾದ ಉಪ್ಪುಕಾಗದ ಇಟ್ಟು ಸ್ಯಾಡಲಿನ ಅಡಿಯನ್ನು ನೇರವಾಗಿ ಉಜ್ಜಿದರೆ ಸಂದು ಹೋಗುತ್ತದೆ. ಪುರವರದ ಯಾವ ಬಡಗಿಯ ಕೈಗೂ ಇದು ಸಲೀಸು ಕೆಲಸ, ಅಡಿ ಓರೆಯಾಗದಂತೆ ನೋಡಿಕೊಂಡರೆ ಸಾಕು. ಹೆಚ್ಚು ಉಜ್ಜಿದರೆ ತಂತಿಗಳು ತಗ್ಗಿ ಫ್ರೆಟ್ಟಿಗೆ ಬಡಿಯುತ್ತವೆ.

ಸ್ಯಾಡಲಿನ ನೆತ್ತಿಯೂ ಮುಖ್ಯ. ತಂತಿ ಅಲ್ಲಿ ಒಂದು ಚೂಪಾದ ಅಂಚಿನಿಂದ ಹೊರಡಬೇಕು. ತಂತಿ ಕೊರೆದ ಗೀರು ಆಳವಾಗಿದ್ದರೆ, ಅಥವಾ ನೆತ್ತಿ ಚಪ್ಪಟೆಯಾಗಿದ್ದರೆ, ಹೊರಡುವ ಬಿಂದು ತೇಲಾಡುತ್ತದೆ. ಹೊಸ ದಪ್ಪ ತಂತಿ ತಾನೇ ಬಿರುಸಾಗಿರುವುದರಿಂದ ಸ್ಯಾಡಲಿನ ಮೇಲೆ ಮಡಿಯದೆ ನಿಧಾನದ ಬಾಗಿನಲ್ಲಿ ಹಾಯುವುದೂ ಉಂಟು. ಅಂಥ ಕಡೆ ಸ್ಯಾಡಲಿನ ಮುಂದೆಯೇ ಹೆಬ್ಬೆರಳಿನಿಂದ ತಂತಿಯನ್ನು ಒಮ್ಮೆ ಕೆಳಕ್ಕೆ ಒತ್ತಬೇಕು, ನಟ್‌ನ ಮುಂದೆಯೂ ಹಾಗೆಯೇ. ಒತ್ತಿದಾಗ ಶ್ರುತಿ ತುಸು ಇಳಿಯುತ್ತದೆ. ಮತ್ತೆ ಏರಿಸಿ ಮೀಟಿದರೆ ದನಿ ಬಿಚ್ಚಿಕೊಂಡಿರುವುದು ಕೇಳುತ್ತದೆ. ಮಂಕು ತಂತಿಯ ಪರಿಹಾರಗಳಲ್ಲಿ ಇಷ್ಟು ಸುಲಭವಾದದ್ದು ಮತ್ತೊಂದಿಲ್ಲ, ಇಷ್ಟು ಮಂದಿಗೆ ಗೊತ್ತಿಲ್ಲದ್ದೂ ಇಲ್ಲ.

ತಂಬೂರಿ, ವೀಣೆಗಳಲ್ಲಿ ಇದೇ ಪ್ರಶ್ನೆ

ತಂತಿ ಕುದುರೆಯಿಂದ ಹೇಗೆ ಹೊರಡಬೇಕೆಂಬ ವಿಷಯದಲ್ಲಿ ನಮ್ಮ ವಾದ್ಯಗಳು ಗಿಟಾರಿಗೆ ನೇರ ವಿರುದ್ಧ ದಾರಿ ಹಿಡಿದಿವೆ. ತಂಬೂರಿಯ ಕುದುರೆ ಅಗಲವಾಗಿ, ಕಂಡೂ ಕಾಣದಷ್ಟು ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಅಥವಾ ರೇಷ್ಮೆಯ ಎಳೆಯೊಂದನ್ನು ಸೇರಿಸುತ್ತಾರೆ. ಅದಕ್ಕೆ ಜೀವ ಎಂದೇ ಹೆಸರು. ತಂತಿ ಕಂಪಿಸುವಾಗ ಪ್ರತಿ ಬಾರಿಯೂ ಕುದುರೆಯ ಬಾಗಿಗೆ ತಾಗಿ ಬಿಡುವುದರಿಂದ ಮೇಲಿನ ಉಪಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. ಜೀವ ಕೂರಿಸಲು ಎಳೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತಂತಿ ಮೀಟುತ್ತ, ಎಳೆಯನ್ನು ನೂಲಿನಷ್ಟೇ ಹಿಂದೆ ಮುಂದೆ ಸರಿಸಬೇಕು. ಮಂಕಾಗಿದ್ದ ತಂತಿ ಒಂದು ಜಾಗದಲ್ಲಿ ಥಟ್ಟನೆ ಝೇಂಕರಿಸುತ್ತದೆ, ಆ ಜಾಗ ದಾಟಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಸಿದರೆ ಜೀವ ಸರಿಯಾಗಿ ಕೂತಿದೆ ಎಂದರ್ಥ. ಅದು ಆ ತಂತಿಯ ಮೂಲ ಸ್ವರದ ಐದರಷ್ಟು ವೇಗದ ಉಪಸ್ವರ. ಸಂಗೀತಗಾರರ ಕಿವಿ ಇದನ್ನು ಯಾವ ಯಂತ್ರಕ್ಕೂ ಕಡಿಮೆಯಿಲ್ಲದಂತೆ ಹಿಡಿಯುತ್ತದೆ.

ಇದರ ಹಿಂದಿನ ಭೌತಶಾಸ್ತ್ರವನ್ನು ಸಿ.ವಿ. ರಾಮನ್ 1921ರಲ್ಲಿ ಬರೆದರು. ಅವರು ಆಗ ಕೋಲ್ಕತ್ತದಲ್ಲಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1970ರಲ್ಲಿ ತೀರಿಕೊಳ್ಳುವವರೆಗೆ ಆ ನಗರದಲ್ಲೇ ನೆಲೆಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಯಾವ ಉಪಸ್ವರ ನಿಶ್ಚಲವಾಗಿರುತ್ತದೋ ಅದು ಕೇಳಿಸಬಾರದು ಎಂಬುದು ಥಾಮಸ್ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ತಂಬೂರಿ ಮತ್ತು ವೀಣೆಯಲ್ಲಿ ಆ ಉಪಸ್ವರಗಳೂ ಸ್ಪಷ್ಟವಾಗಿ ಕೇಳುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಆ ಬಾಗಿದ ಕುದುರೆ. ಹೆಸರು ತಿಳಿಯದ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಕೈಯಿಂದ ಕಂಡುಕೊಂಡದ್ದಕ್ಕೆ ಇಂಥ ಗೌರವ ಸಂದದ್ದು ಸಂತೋಷದ ವಿಷಯ.

ಗಿಟಾರಿನ ಸ್ಯಾಡಲ್ ತಂಬೂರಿಯ ಕುದುರೆಯಂತೆ ಅಗಲವಾದರೆ ತಂತಿ ಕರಕರ ಎನ್ನುತ್ತದೆ ಅಥವಾ ಮಂಕಾಗುತ್ತದೆ. ತಂಬೂರಿಯ ಕುದುರೆ ಗಿಟಾರಿನದರಂತೆ ಚೂಪಾದರೆ ಶ್ರುತಿಗೆ ಜೀವವೇ ಇರುವುದಿಲ್ಲ. ಎರಡೂ ವಾದ್ಯ ಇಟ್ಟುಕೊಂಡವರು ಒಂದರ ರಿಪೇರಿಯ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಬಾರದು. ವೀಣೆಯ ಕುದುರೆಯ ಮೇಲೆ ಲೋಹದ ತಗಡು ಕೂರಿಸಿರುತ್ತಾರೆ. ಅದು ಮರಕ್ಕೆ ಗಟ್ಟಿಯಾಗಿ ಅಂಟಿರದಿದ್ದರೂ, ತಂತಿ ಅದರ ಮೇಲೆ ಗೀರು ಬಿಟ್ಟಿದ್ದರೂ ನಾದ ಕುಂದುತ್ತದೆ. ವೀಣೆಯ 24 ಮೆಟ್ಟಿಲುಗಳು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಪಾಕದ ಮೇಲೆ ನಿಂತಿರುವುದರಿಂದ, ಬಿಸಿಲಿಗೆ ಮೇಣ ಮೆದುವಾದಾಗ ಮೆಟ್ಟಿಲು ಅಲುಗಿ ಆ ಸ್ವರ ಮಾತ್ರ ಮಂಕಾಗುವುದೂ ಉಂಟು. ಮಧುಗಿರಿಯಿಂದ ಆಗ್ನೇಯಕ್ಕೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಹಲಸಿನ ಮರದ ವೀಣೆಗಳಿಗೆ ಹೆಸರಾದ ಊರು. ಹಿಂದೂಸ್ತಾನಿ ಹಾಡುವವರಿಗೆ ಬೇಕಾದ ತಾನ್‌ಪುರ ಬರುವುದು ಮಹಾರಾಷ್ಟ್ರದ ಮೀರಜ್‌ನಿಂದ.

ಚರ್ಮ ಹೊದಿಸಿದ ಏಕತಾರಿಯ ಕಥೆ ಇನ್ನೂ ಬೇರೆ. ಅಲ್ಲಿ ತಂತಿಯ ಕಂಪನ ದಾಟುವುದು ಚರ್ಮಕ್ಕೇ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಚರ್ಮ ತೇವ ಹೀರಿ ಜೋಲುತ್ತದೆ, ದನಿಯೂ ಜೋಲುತ್ತದೆ. ಬಿಸಿಲಿಗೆ ಹಿಡಿದು ಅಥವಾ ದೂರದಿಂದ ಕೆಂಡದ ಕಾವು ಕೊಟ್ಟು ಚರ್ಮ ಬಿಗಿ ಮಾಡುವುದೇ ಅದಕ್ಕೆ ಮದ್ದು.

ನಟ್ ಮತ್ತು ಫ್ರೆಟ್ಟು

ನಟ್‌ನ ಗೀರು ತಲೆಯ ಕಡೆಗೆ ತುಸು ಇಳಿಜಾರಾಗಿರಬೇಕು, ತಂತಿ ಅದರ ಮುಂದಿನ ಅಂಚಿನಿಂದ ಹೊರಡಬೇಕು. ಗೀರು ಅಗಲವಾದರೆ ತಂತಿ ಅಡ್ಡಾಡುತ್ತದೆ, ಬಹಳ ಆಳವಾದರೆ ಮೊದಲ ಫ್ರೆಟ್ಟಿಗೆ ತಾಗುತ್ತದೆ. ದಪ್ಪ ತಂತಿ ಇಕ್ಕಟ್ಟಾದ ಗೀರಿನಲ್ಲಿ ಸಿಕ್ಕಿಕೊಂಡರೆ ತಳಕ್ಕೆ ತಾಗದೆ ತೂಗುತ್ತಿರುತ್ತದೆ. ಆಳವಾದ ಗೀರಿಗೆ ಎಲುಬಿನ ಪುಡಿ ತುಂಬಿ ಒಂದು ಹನಿ ಫೆವಿಕ್ವಿಕ್ ಹಾಕಿ, ಒಣಗಿದ ಮೇಲೆ ಹೊಸದಾಗಿ ಗೀರು ಕೊರೆಯುತ್ತಾರೆ. ಎಲುಬಿನ ಪುಡಿ ಸಿಗದಿದ್ದರೆ ಅಡುಗೆ ಸೋಡವೂ ಆಗುತ್ತದೆ, ಆದರೆ ಅದು ಬಾಳಿಕೆಯ ಕೆಲಸವಲ್ಲ. ಅಂಟು ಪಾಲಿಶ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಮೊದಲೇ ಸುತ್ತ ಟೇಪ್ ಹಚ್ಚಿಕೊಳ್ಳಬೇಕು.

ಒಂದು ಫ್ರೆಟ್ಟಿನಲ್ಲಿ ಮಾತ್ರ ದನಿ ಸತ್ತರೆ ಆ ಲೋಹದ ಕಂಬಿ ಮರದಿಂದ ಎದ್ದಿರಬಹುದು. ಅದರ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಮೀಟಿದಾಗ ಸುಧಾರಿಸಿದರೆ ಅನುಮಾನ ಖಚಿತ.

ಸರಿಪಡಿಸಲಾಗದ್ದು

ಎಲ್ಲವೂ ಸರಿಯಿದ್ದು, ತಂತಿ ಹೊಸದಾಗಿದ್ದು, ಒಂದು ಸ್ವರ ಮಾತ್ರ ‘ಢಂ’ ಎಂದು ಜೋರಾಗಿ ಎದ್ದು ಕೂಡಲೇ ಅಡಗುವುದಿದೆ. ಇದು ಗಿಟಾರಿನ ಡಬ್ಬಿಯ ಸ್ವಭಾವ. ದೊಡ್ಡ ಡಬ್ಬಿಯ ಗಿಟಾರಿನಲ್ಲಿ ಒಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸು, ಮೇಲುಹಲಗೆ ಸುಮಾರು 180ರಿಂದ 210 ಹರ್ಟ್ಸ್ ನಡುವೆ ತಾವಾಗಿ ಅನುರಣಿಸುತ್ತವೆ. ಬಿಟ್ಟ ಮೂರನೆಯ ತಂತಿ 196 ಹರ್ಟ್ಸ್ ಆದ್ದರಿಂದ ಹಲವು ವಾದ್ಯಗಳಲ್ಲಿ ಅದು ಈ ಬಲೆಗೆ ಬೀಳುತ್ತದೆ. ಆ ಸ್ವರದಲ್ಲಿ ಹಲಗೆ ತಂತಿಯ ಶಕ್ತಿಯನ್ನೆಲ್ಲ ಒಂದೇ ಸಲ ಕುಡಿದುಬಿಡುತ್ತದೆ, ನಾದ ಉಳಿಯಲು ಏನೂ ಮಿಗುವುದಿಲ್ಲ. ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ ನೋಡಿದಾಗ ಮಂಕು ಅದೇ ಸ್ವರಕ್ಕೆ ಅಂಟಿಕೊಂಡು ಬೇರೆ ಮನೆಗೆ ಸರಿದರೆ ಕಾರಣ ಇದೇ. ಗೇಜ್ ಬದಲಿಸಿ ತುಸು ತಗ್ಗಿಸಬಹುದು, ಪೂರ್ತಿ ತೆಗೆಯಲಾಗದು.

ಹವೆ

ಮರಕ್ಕೆ ಹಿತವಾದ ತೇವ ಶೇಕಡ 45ರಿಂದ 55. ಮಧುಗಿರಿ, ಪಾವಗಡ ಮಳೆನೆರಳಿನ ಸೀಮೆ; ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಅದಕ್ಕಿಂತ ಬಹಳ ಒಣಗಿರುತ್ತದೆ. ಮರ ಕುಗ್ಗಿ ಮೇಲುಹಲಗೆ ಒಳಸರಿದರೆ ತಂತಿಗಳು ತಗ್ಗುತ್ತವೆ, ಬೆರಳುಹಲಗೆಯ ಅಂಚಿನಲ್ಲಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ. ಚುಚ್ಚಲು ಶುರುವಾದರೆ ವಾದ್ಯ ಒಣಗಿದೆ ಎಂದು ತಿಳಿಯಬೇಕು. ತಗಡಿನ ಶೀಟಿನ ಮನೆಯಲ್ಲಿ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಟ್ಟು, ಹಿಂಡಿ ತೆಗೆದ ಒದ್ದೆ ಸ್ಪಂಜನ್ನು ತೂತು ಮಾಡಿದ ಸೋಪು ಡಬ್ಬಿಯಲ್ಲಿ ಹಾಕಿ ಪಕ್ಕದಲ್ಲಿರಿಸುವುದು ಬೇಸಿಗೆಗೆ ಸಾಕಾಗುತ್ತದೆ. ಸ್ಪಂಜು ಮರಕ್ಕೆ ತಾಗಬಾರದು, ಹನಿ ತೊಟ್ಟಿಕ್ಕಬಾರದು. ಮಳೆಗಾಲ ಹಿಡಿದ ಮೇಲೆ ಸ್ಪಂಜನ್ನು ತೆಗೆದಿಡಬೇಕು. ಮೇಲುಹಲಗೆಯಲ್ಲಿ ಸೀಳು ಕಂಡರೆ ತಂತಿಗಳನ್ನೆಲ್ಲ ಸಡಿಲಿಸಿ, ಮನೆಯಲ್ಲಿ ಅಂಟು ಹಚ್ಚಲು ಹೋಗದೆ, ಹಾಗೆಯೇ ರಿಪೇರಿಯವರ ಬಳಿ ಒಯ್ಯಬೇಕು. ತಪ್ಪು ಅಂಟು ಸಂದಿಗೆ ಇಳಿದರೆ ಆಮೇಲೆ ಸರಿಯಾದ ಅಂಟು ಅಲ್ಲಿ ಹಿಡಿಯುವುದಿಲ್ಲ.